ಷರಾ

ತುಲಾ ಸಂಕ್ರಮಣ ಕಳೆದು ಹನ್ನೆರಡು ದಿನ.
ಕಕ್ಕಬ್ಬೆಯಲ್ಲಿ ಬಸ್ಸಿನಿಂದ ಇಳಿದದ್ದು ನಾನು, ಮತ್ತೆ
ಯಾರದೋ ತೋಟಕ್ಕೆ ಬಂದ ಎರಡು ಚೀಲ ಸುಣ್ಣ.
ಕಿತ್ತಳೆ ಇನ್ನೂ ಹಸಿರು. ಬಿಸಿಲು ತಾಗಿದ ಒಂದು ಕೆನ್ನೆ ಮಾತ್ರ
ಹಣ್ಣಾಗಲು ಒಪ್ಪಿಕೊಂಡಿದೆ.

ಅರಮನೆ ದಾಟಿ, ಗೇಟಿನಲ್ಲಿ
ಕಾವಲಿನ ಚಿಣ್ಣಪ್ಪ ಪುಸ್ತಕ ತಿರುಗಿಸಿ ಕೊಟ್ಟ.
ಹೆಸರು: ದೇಚಕ್ಕ. ಊರು: ನಾಪೋಕ್ಲು.
ಜನ: ೧.
ಅವನು ನನ್ನ ಬೆನ್ನ ಹಿಂದೆ ನೋಡಿದ
ಉಳಿದವರು ಬರಲಿ ಎಂಬಂತೆ.
"ಒಬ್ಬರೇನಾ?"
"ಒಬ್ಬಳೇ."
ಷರಾ ಎಂಬ ಕೊನೆಯ ಕಾಲಂ ಖಾಲಿ ಬಿಟ್ಟೆ.
ಅರವತ್ತೊಂದರ ಮಂಡಿಗೆ ಏನಂತ ಷರಾ ಬರೆಯಲಿ?

ಕಾಡಿನೊಳಗೆ ನೆಲ ಇನ್ನೂ ಒದ್ದೆ.
ಮಳೆಗಾಲ ಬಿಟ್ಟುಹೋದ ಬಡಕಲು ಜಿಗಣೆಯೊಂದು
ಎಲೆಯ ತುದಿಯಲ್ಲಿ ಎದ್ದು ನಿಂತು ವಿಳಾಸ ಕೇಳಿತು.
ಹದಿನೈದು ಹೆಜ್ಜೆಗೊಮ್ಮೆ ನಿಂತೆ.
ನಿಂತಾಗಲೆಲ್ಲ ಹೂವು ನೋಡುವವಳ ಹಾಗೆ ಬಗ್ಗಿದೆ,
ಏದುಸಿರು ಯಾರಿಗೂ ಕಾಣದಿರಲೆಂದು.
ಯಾರೂ ಇರಲಿಲ್ಲ.
ಹೂವೂ ಇರಲಿಲ್ಲ, ಒಂದೆರಡು ಕಡೆ.

ಮೂವತ್ತೊಂದು ವರ್ಷ ಭೂಗೋಳ ಹೇಳಿದೆ.
ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಇಳಿಯುತ್ತದೆ, ಬರೆದುಕೊಳ್ಳಿ.
ಸೀಮೆಸುಣ್ಣ ಅಡ್ಡ ಹಿಡಿದು ತಿಕ್ಕಿದರೆ ಹಿಮಾಲಯ.
ಶಿಖರದಿಂದ ಉದುರಿದ್ದೆಲ್ಲ ನನ್ನ ಸೆರಗಿಗೆ.
ಏಳನೇ ತರಗತಿ, ಕೊನೆಯ ಬೆಂಚು, ಉನೈಸ್:
"ಟೀಚರ್, ನೀವು ಹಿಮ ನೋಡಿದ್ದೀರಾ?"
ನೋಡಿದ್ದೇನೆ ಅಂದೆ. ಶಿಮ್ಲಾದಲ್ಲಿ ಅಂದೆ.
"ಅದಕ್ಕೆ ವಾಸನೆ ಇದೆಯಾ?"
ಗಂಟೆ ಹೊಡೆಯಿತು. ದೇವರು ದೊಡ್ಡವನು.

ಶಿಮ್ಲಾಕ್ಕೆ ಹೋದದ್ದು ನಿಜ. ಮೇ ತಿಂಗಳು.
ಲಾಡ್ಜಿನ ಗೋಡೆಯ ಕ್ಯಾಲೆಂಡರಿನಲ್ಲಿ
ದಂಡಿಯಾಗಿ ಬಿದ್ದಿತ್ತು.

ಕಾಡು ಮುಗಿದು ಹುಲ್ಲು. ಬುಡ ಹಸಿರು, ತುದಿ ಕಂದು,
ಗಾಳಿ ಸವರಿದ ಕಡೆಗೆಲ್ಲ ಬಣ್ಣ ಬದಲು.
ಕೊನೆಯ ಏರು ಕೈಯೂರಿ ಹತ್ತಿದೆ,
ಕಲಿಸಿದ್ದ ಎಲ್ಲ ಗಾಂಭೀರ್ಯ ಕೆಳಗೇ ಬಿಟ್ಟು.
ಸಾವಿರದ ಏಳುನೂರ ನಲವತ್ತೆಂಟು ಮೀಟರ್.
ಪಡುವಲಿಗೆ ಕೇರಳ, ಮೋಡದ ಅಡಿಯಲ್ಲೆಲ್ಲೋ.
ಮೂಡಲಿಗೆ ಹಳದಿ ತಿರುಗುತ್ತಿರುವ ಗದ್ದೆ;
ಪುತ್ತರಿಗೆ ಇನ್ನೂ ಒಂದು ತಿಂಗಳು.
ಒಟ್ಟಿ, ಎಳ್ಳು ಪಜ್ಜಿ. ಮಾತಿಲ್ಲದ ಊಟ
ಬೇಗ ಮುಗಿಯುತ್ತದೆ.

ಎರಡು ಗಂಟೆಗೆ ಗುಡುಗು.
ಮೊದಲನೆಯದು ಟಿಫಿನ್ನಿನ ಮುಚ್ಚಳಕ್ಕೆ, ಟಣ್.
ಎರಡನೆಯದು ನನ್ನ ನೆತ್ತಿಗೆ.
ಬಂಡೆಯ ಸಂದಿಗೆ ಸರಿದು, ಚೀಲ ತಲೆಗೆ ಹಿಡಿದು ಕೂತೆ.
ಹುಲ್ಲು ಮಲಗಿತು. ನೆಲವೆಲ್ಲ ಪುಟಪುಟ ಪುಟಿಯಿತು.
ಆಮೇಲೆ ಸದ್ದು ನಿಂತಿತು,
ಎದ್ದು ನೋಡಿದರೆ

ಬೆಳ್ಳಗೆ.

ಹಿಮವಲ್ಲ, ಗೊತ್ತು. ಆಲಿಕಲ್ಲು.
ಮೇಲೇರುವ ಗಾಳಿ, ಹೆಪ್ಪುಗಟ್ಟುವ ಹನಿ, ಪದರದ ಮೇಲೆ ಪದರ,
ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತದೆ.
ಆದರೂ ಹತ್ತು ನಿಮಿಷ
ಯಾರೋ ಸೀಮೆಸುಣ್ಣ ಅಡ್ಡ ಹಿಡಿದು ತಿಕ್ಕಿದ ಹಾಗೆ
ತಡಿಯಂಡಮೋಳಿನ ತಲೆ ಬೆಳ್ಳಗಿತ್ತು.
ಬೂಟು ಇಟ್ಟಲ್ಲಿ ಕರಕರ ಅನ್ನುತ್ತಿತ್ತು.
ಸಾಕ್ಷಿ ನನ್ನ ಹೆಜ್ಜೆಗಳು,
ಅವೂ ಹಿಂದಿನಿಂದಲೇ ನೀರಾಗುತ್ತ ಬರುತ್ತಿದ್ದವು.

ಎರಡು ಬೊಗಸೆ ಟಿಫಿನ್ನಿಗೆ ತುಂಬಿಕೊಂಡು,
ಮುಚ್ಚಳ ಬಿಗಿದು, ಶಾಲಿನಲ್ಲಿ ಸುತ್ತಿ
ಹಸುಗೂಸಿನಂತೆ ಎದೆಗವಚಿ ಇಳಿದೆ.
ಇಳಿಯುವಾಗ ಹೂವು ನೋಡುವ ನೆಪ ಬೇಕಾಗಲಿಲ್ಲ.

"ಮೇಲೆ ಬಿತ್ತಾ? ಇಲ್ಲಿ ಒಂದು ಹನಿ ಇಲ್ಲ," ಅಂದ ಚಿಣ್ಣಪ್ಪ.
ಟಿಫಿನ್ ತೆರೆದು ತೋರಿಸಿದೆ.
ನೀರು. ನಡುವೆ ಹೆಸರುಕಾಳಿನಷ್ಟು ಒಂದು ಉಳಿದು
ತೇಲುತ್ತಿತ್ತು, ಬೇಗ ನೋಡಿ ಎಂಬಂತೆ.
ಅವನು ನೋಡಿದ. ನಾನು ಮೂಸಿದೆ.

ಉನೈಸನಿಗೆ ಈಗ ನಾಪೋಕ್ಲು ಪೇಟೆಯಲ್ಲಿ ಮೀನಂಗಡಿ.
ಬೆಳಗಾದರೆ ಗೋಣಿಚೀಲ ಹೊದಿಸಿ ಐಸು ಕುಟ್ಟುತ್ತಾನೆ,
ಟೀಚರಿಗೆಂದು ಎರಡು ಮತ್ತಿ ಹೆಚ್ಚಿಗೆ ಹಾಕುತ್ತಾನೆ.
ನಾಳೆ ತೂಗುವಾಗ ಹೇಳಬೇಕು:
ಶಿಮ್ಲಾ ಸುಳ್ಳು ಕಣೋ.
ವಾಸನೆ ಇದೆ. ಎಳ್ಳಿನದು,
ಸ್ವಲ್ಪ ಸ್ಟೀಲಿನದು.

ಹೊರಟ ಸಮಯ: ನಾಲ್ಕೂ ಹತ್ತು.
ಪೆನ್ನು ಷರಾದ ಮೇಲೆ ಕೊಂಚ ಹೊತ್ತು ನಿಂತಿತು.
ಅಷ್ಟರಲ್ಲಿ ಬಸ್ಸಿನ ಹಾರ್ನು.