ಚಿಲ್ಲರೆ

ಕಲ್ಲಾನಿ ಎದ್ದು ಕೆರಿಗಿಳಿದಾಗ ಜಗ ಮುಗೀತದಂತ
ತಾಳಿಗರಿಯೊಳಗ ಬರೆದಿತ್ತು.
ಮಾನಶಪ್ಪ ಮಾಸ್ತರು ಮೂವತ್ತು ವರ್ಷ ನಕ್ಕರು,
ಮೀಸಿಗೆ ಹತ್ತಿದ ಚಾಕಿನ ಧೂಳು ಉದುರುವಂಗ.

ಮಂಗಳವಾರ ಹನ್ನೊಂದೂವರಿಗೆ ಎದ್ದಿತು.
ರಾಯಚೂರು ಕ್ವಾಟಿ ಗ್ವಾಡಿಗೆ ಆತು ಕುಂತಿದ್ದು,
ಮೈಮ್ಯಾಲಿನ ಚುನಾವಣಿ ಪೋಸ್ಟರು ಸಮೇತ
ಮಾವಿನಕೆರಿ ಕಡಿಗೆ ನಡೀತು.

ನಂಬಿದವರು ಮೊದಲು ಓಡಿದರು.
ಗರಿ ಓದಿ ಹೇಳ್ತಿದ್ದ ಅಯ್ಯನವರು
ಹೈದರಾಬಾದ್ ಬಸ್ಸಿನ ಕಿಟಕ್ಯಾಗ ಟವೆಲ್ ಒಗೆದು
ಸೀಟು ಹಿಡಿದರು.

ಮಾಸ್ತರು ಮನಿಗೆ ಹೋಗಿ ಟೇಪು ತಂದರು.
ಹೆಜ್ಜಿ ಅಳೆದರು. ಆಳ ನಾಕು ಬೆರಳು.
ಚಾಳೀಸು ಒರೆಸಿಕೊಂಡು ಮತ್ತ ಅಳೆದರು. ನಾಕ.
"ಹಂಗಾರ ನಂದು ತಪ್ಪು" ಅಂದರು.
ಕೇಳಾಕ ನಾನೊಬ್ಬನ ಇದ್ದೆ,
ಸೋಡಾ ಬಂಡಿ ಬಿಟ್ಟು ಹೋಗಲಾರದವ.

ಆಮ್ಯಾಲೆ ಚಪ್ಪಲಿ ಬಿಟ್ಟು ನೀರಿಗಿಳಿದು
ಕಲ್ಲಿನ ಕಿವಿಗೆ ಬಾಯಿಟ್ಟು,
ಹಿಂದಿನ ಬೆಂಚಿನ ಹುಡುಗನ್ನ ಕೇಳುವಂಗ:
"ಎಷ್ಟು ವರ್ಷದ ನೀರಡಿಕಿ ಇದಪ್ಪಾ?
ಮೊದಲ ಹೇಳಬಾರದಿತ್ತಾ?"

ಆನಿ ಕುಡೀತಾನ ಇತ್ತು.
ಮಾಸ್ತರಿಗೊಂದು ಸೋಡಾ ಒಡೆದೆ.
ನೂರರ ನೋಟು ಕೊಟ್ಟರು.
"ಚಿಲ್ಲರೆ ಇಲ್ರಿ, ನಾಳೆ ಕೊಡ್ತೀನಿ" ಅಂದೆ.

ನಾಳೆ ಅಂದದ್ದು ಇಬ್ಬರಿಗೂ ಕೇಳಿಸಿತು.
ಮಾಸ್ತರು ನಕ್ಕರು,
ಈ ಸಲ ಧೂಳಿಲ್ಲದ.