ಏಳೆಂಟ್ಲ

ಮಂಡ್ಯದ ದೊಡ್ಡಾಸ್ಪತ್ರೆ, ಕಣ್ಣಿನ ವಾರ್ಡು.
ಬೆಂಚಿನ ತುಂಬ ಪೊರೆ ತೆಗೆಸಿಕೊಂಡ ಮುದುಕರು,
ಎಲ್ಲರ ಕಣ್ಣಿಗೂ ಒಂದೇ ಹಸಿರು ಬಟ್ಟೆ,
ಎಲ್ಲರ ಬಾಯಲ್ಲೂ ಒಂದೇ ಮಾತು: ಊಟ ಎಷ್ಟೊತ್ತಿಗೆ?

ನನಗೆ ಎಡಗಣ್ಣು ಕಟ್ಟಿತ್ತು.
ಮುಂದಿನ ಬೆಂಚಲ್ಲಿ ಯಾರೋ ಚೀಟಿ ಹಿಡಿದು
ಔಷಧಿಯ ಲೆಕ್ಕ ಹಾಕುತ್ತಿದ್ದರು:
ದಿನಕ್ಕೆ ಎಂಟು ಹನಿ, ಏಳು ದಿನ,
ಏಳೆಂಟ್ಲ... ಏಳೆಂಟ್ಲ... ಐವತ್ನಾಕು.

‘ಐವತ್ತಾರು ಕನ್ಲಾ’
ಅಂದುಬಿಟ್ಟಿತ್ತು ಬಾಯಿ, ನನ್ನ ಕೇಳದೆ.

ಅವನ ಕಟ್ಟಿದ ಕಣ್ಣು ನನ್ನ ಕಡೆಗಿತ್ತು,
ಹಾಗಾಗಿ ಇಡೀ ಕತ್ತು ತಿರುಗಿಸಬೇಕಾಯಿತು.
ಎತ್ತಿನ ಗಾಡಿ ತಿರುಗಿಸುವಷ್ಟು ಹೊತ್ತು.
‘ಒಂಬಾಳೆ?’
ರಿಜಿಸ್ಟರಿನಲ್ಲಿ ಕೂಗುವ ಹೊಂಬಾಳಮ್ಮ ಅಲ್ಲ,
ಹಕಾರ ನುಂಗಿ ಕರೆಯುತ್ತಿದ್ದವನು ಒಬ್ಬನೇ.
ಮಾಯಿಗೌಡ. ಕೀಲಾರದ ಸ್ಕೂಲು, ನನ್ನ ಮುಂದಿನ ಮಣೆ.

ಮೇಷ್ಟ್ರ ಹುಣಸೆ ಬರಲು ಅವನ ಹತ್ತಿರ ಬಂದಾಗೆಲ್ಲ
ನಾನು ಹಿಂದಿನಿಂದ ಉಸಿರಲ್ಲೇ ಉತ್ತರ ಊದುತ್ತಿದ್ದೆ.
ಅದಕ್ಕೆ ಕೂಲಿ ಕಬ್ಬು.
ಫ್ಯಾಕ್ಟರಿಗೆ ಹೋಗುವ ಗಾಡಿಯ ಹಿಂದೆ ಓಡಿ ಎಳೆದದ್ದು,
ಬುಡ ನನಗೆ, ತುದಿ ತನಗೆ.
ಬುಡದಲ್ಲೇ ಸಿಹಿ ಅಂತ ಗೊತ್ತಿಲ್ಲದ ಪೆದ್ದ
ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ.

ಹನ್ನೆರಡಕ್ಕೆ ಸ್ಕೂಲು ಬಿಡಿಸಿ
ನಾಗಮಂಗಲದ ಕಡೆ, ಸೋದರಮಾವನ ಮನೆಗೆ ಕಳಿಸಿದರು.
ಹೊರಟ ದಿನ ಅವನಿಗೆ ದಡಾರ.
ಹೇಳಿ ಹೋಗುವಷ್ಟು ದೊಡ್ಡ ವಿಷಯ ಅಂತ
ಇಬ್ಬರಿಗೂ ತಿಳಿದಿರಲಿಲ್ಲ.

ಇದನ್ನೂ ಹೇಳಬೇಕು:
ನನ್ನ ಗಂಡ ಕೆಟ್ಟವನಲ್ಲ.
ಇಪ್ಪತ್ತೊಂದು ವರ್ಷ ಒಳ್ಳೆಯವನಾಗೇ ಇದ್ದು
ಒಂದು ಸಂಜೆ ಗದ್ದೆಯಲ್ಲಿ ಹಾವು ತುಳಿದ.
ಇವನ ಹೆಂಡತಿ ಗಂಗಾಜಮ್ಮನ ಫೋಟೊ
ಇವತ್ತಿಗೂ ಇವನ ಪರ್ಸಿನಲ್ಲಿದೆ, ನೋಡಿದೆ,
ಒಂದೇ ಕಣ್ಣಲ್ಲಿ. ನಗುಮುಖ. ಮೂಗುಬಟ್ಟು ಚೆನ್ನಾಗಿತ್ತು.

‘ಏಳೆಂಟ್ಲ ಬರದವನು ಕಂಡಕ್ಟ್ರು ಎಂಗಾದ್ಲಾ?’
ಸಾರು ಕಲಸುತ್ತಾ ಕೇಳಿದೆ.
ತಟ್ಟೆಗೇ ಹೇಳಿದ ಅವನು, ನನಗಲ್ಲ:
‘ಎಂಟ್ರುಪಾಯ್ ಟಿಕೇಟು, ಏಳು ಜನ ಒಟ್ಟಿಗೆ ಅತ್ತಿದ್ರೆ
ಅಲ್ಲೇ ನಿಂತ್ಕಬುಡ್ತಿದ್ದೆ ಕನೆ.
ಇಂದ್ಗಡೆ ಸೀಟಿಂದ ನಿನ್ ದನಿ ಬರೋದು.
ಬಂದ್ಮೇಲೆ ಚಿಲ್ರೆ ಕೊಡ್ತಿದ್ದೆ.’

ಅನ್ನ ಗಂಟಲಲ್ಲಿ ನಿಂತಿತು.
ಕಣ್ಣಲ್ಲಿ ನೀರು ಬರಬಾರದು ಅಂತ
ಡಾಕ್ಟರು ಎರಡೆರಡು ಸಲ ಹೇಳಿದ್ದರು.

ಆಮೇಲೆ ಫೋನು. ಹನಿ ಹಾಕ್ಕೊಂಡ್ಯಾ, ಅಂತ.
ದಿನಕ್ಕೆ ಎಂಟು ಸಲ.
ವಾರ ಕಳೆಯಿತು, ಹನಿ ನಾಕಕ್ಕೆ ಇಳಿಯಿತು, ಆಮೇಲೆ ಎರಡಕ್ಕೆ;
ಫೋನು ಇಳಿಯಲಿಲ್ಲ.
ಈ ವಯಸ್ಸಲ್ಲಿ ಎಂಥದತ್ತೆ, ಅಂದಳು ಸೊಸೆ.
ಈ ವಯಸ್ಸಲ್ಲೇ ಕನವ್ವ
ಪೊರೆ ಬರೋದು, ತೆಗೆಸೋದು.

ನನ್ನ ಇನ್ನೊಂದು ಕಣ್ಣಿನ ದಿನ ಜೊತೆಗೆ ಬಂದ.
ಇಸ್ತ್ರಿ ಮಾಡಿದ ಖಾಕಿ ಷರಟು, ಯಾಕೋ.
ಬೇರೆ ಒಳ್ಳೇ ಬಟ್ಟೆ ಇರಲಿಲ್ಲವೋ,
ಅದು ಹಾಕಿದರೆ ಧೈರ್ಯವೋ.
ನರ್ಸು ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಾ
ತಲೆ ಎತ್ತದೆ ಕೇಳಿದಳು:
ಪೇಷಂಟಿಗೆ ನೀವೇನಾಗಬೇಕು?

ಮೂರನೇ ಕ್ಲಾಸಿನಲ್ಲಿ ನಿಂತಂತೆ ನಿಂತ.
ಅಭ್ಯಾಸ, ಹಿಂದೆ ತಿರುಗಿ ನೋಡಿದ.
ಹಿಂದೆ ಬರೀ ಗೋಡೆ, ಪೋಲಿಯೋ ಪೋಸ್ಟರು.
ನಾನು ಎದುರಿಗಿದ್ದೆ.
ಉತ್ತರ ನಾಲಗೆಯ ತುದಿಯಲ್ಲೇ ಇತ್ತು,
ಊದಲಿಲ್ಲ.
ಈ ಸಲ ಏಟು ತಿಂದರೂ ಅವನೇ ಹೇಳಲಿ.

‘ಐವತ್ತಾರು’ ಅಂದ.

ವಯಸ್ಸಲ್ಲ ಅಜ್ಜ, ಸಂಬಂಧ.

‘ಅದೇ ಕನವ್ವ.’

ಆ ಹುಡುಗಿ ಒಂದು ಗಳಿಗೆ ಪೆನ್ನು ಹಿಡಿದೇ ನಿಂತಿದ್ದು
ಪಟ್ಟಿಯ ಗಾಳಿ ಪೂರ್ತಿ ಬಿಟ್ಟು
ಮತ್ತೆ ಒತ್ತಲು ಶುರುಮಾಡಿದಳು:
ಅಲ್ಲಾಡಬೇಡಿ ಅಜ್ಜಿ, ತಪ್ಪು ತೋರಿಸ್ತಿದೆ,
ಇನ್ನೊಂದ್ಸಲ ನೋಡ್ತೀನಿ.