ಎ.ಸಿ. ಆರಿಸಿದ ಮೇಲೆ

ಮೊದಲು ಎ.ಸಿ. ಆರಿಸಬೇಕು.
ಇಲ್ಲದಿದ್ದರೆ ಪ್ರತಿ ವಾಕ್ಯದ ಹಿಂದೆಯೂ
ಒಂದು ಲಾರಿ ನಿಂತು ಗುರುಗುಟ್ಟುತ್ತದೆ.
ಮೇ ತಿಂಗಳ ಸೊಹಾರ್. ಹೊರಗೆ ನಲವತ್ನಾಲ್ಕು.
ಹನ್ನೊಂದು ಮಕ್ಕಳು, ಒಂದು ಹಳೆಯ ಫೋನು,
ಪ್ರತಿಧ್ವನಿ ಹೀರಲು ಕಿಟಕಿಗೆ ನನ್ನ ಮನೆಯ ಜಮಖಾನೆ.
ಏಳು ನಿಮಿಷಕ್ಕೆ ಬೆನ್ನು ಒದ್ದೆ,
ಹತ್ತಕ್ಕೆ ಜೆನಿಶಾ ಕ್ರಾಸ್ತಾಳ ಕನ್ನಡಕ ಮಂಜು.
ಅಷ್ಟರೊಳಗೆ ಮುಗಿಯಬೇಕು ಒಂದು ಕಂತು.

ಶುಕ್ರವಾರದ ಕನ್ನಡ ತರಗತಿಗೆ
ಪಾಡ್‌ಕಾಸ್ಟ್ ಬೇಕೆಂದವಳು ನಾನೇ.
ಹದಿನಾಲ್ಕು ವರ್ಷ ಬೋರ್ಡಿನ ಮೇಲೆ ಅಕ್ಷರ ತಿದ್ದಿಸಿದವಳು,
ಒತ್ತಕ್ಷರಕ್ಕೆ ಹೆದರಿ ಮಕ್ಕಳು ಒಬ್ಬೊಬ್ಬರೇ
ಫ್ರೆಂಚ್ ಕಡೆಗೆ ಜಾರಿಹೋದದ್ದನ್ನು
ಹಾಜರಿ ಪುಸ್ತಕದಲ್ಲಿ ಎಣಿಸಿದವಳು.
ಬರೆಯಲು ಬಾರದಿದ್ದರೆ ಬೇಡ,
ಬಾಯಿ ಇದೆಯಲ್ಲ, ಅಂದೆ.

ಬಾಯಿ ಇತ್ತು.
ತನ್ನ ದನಿ ತಾನೇ ಕೇಳಿ
“ಮಿಸ್, ಇದು ನಾನಲ್ಲ” ಎಂದು
ಬೆಂಚಿನಡಿ ಅವಿತುಕೊಂಡ ಲಿಖಿತ್ ಪೂಂಜ.
ಅವನ ಬಾಲೆಹಣ್ಣು ಬಾಳೆಹಣ್ಣಾಗಲೆಂದು
ನಾನು ನೂರು ಸಲ ಹೇಳಿದ್ದನ್ನು
ಅವನ ಕಿವಿಯೇ ಅವನಿಗೆ ಒಂದು ಸಲಕ್ಕೆ ಹೇಳಿತು.
ನನಗೂ ಹೇಳಿತು:
ಪ್ರಶ್ನೆ ಕೇಳಿ ಉತ್ತರಕ್ಕೆ ನಾನು ಕಾಯುವುದು
ಒಂದೂವರೆ ಸೆಕೆಂಡು.
ಮತ್ತೆ ಮತ್ತೆ ಅಳೆದು ನೋಡಿದೆ. ಒಂದೂವರೆ.
ಆಮೇಲೆ ಉತ್ತರವೂ ನನ್ನದೇ.

ಜೆನಿಶಾ ಮೀನು ಮಾರುಕಟ್ಟೆಗೆ ಹೋದಳು, ಅಪ್ಪನ ಜೊತೆ.
“ಇದು ಕನ್ನಡ ಪಾಡ್‌ಕಾಸ್ಟ್” ಎಂದು ಫೋನು ಹಿಡಿದರೆ
ಮುದುಕ ಎತ್ತಿ ಹಿಡಿದದ್ದು ಅಂಜಲ್ ಮೀನು.
ಅರಬ್ಬಿಯಲ್ಲಿ ಅದು ಕನಅದ್.
ಕಿಲೋಗೆ ಎರಡೂವರೆ ರಿಯಾಲ್, ನಿನಗಾಗಿ ಎರಡು.
ತರಗತಿ ಇಡೀ ನಕ್ಕಿತು.
ನಮ್ಮ ನುಡಿಗೆ ಇಷ್ಟು ತಾಜಾ ಬೆಲೆ
ಯಾರೂ ಕಟ್ಟಿರಲಿಲ್ಲ.

ಆಮೇಲಿನ ವಾರದ ಮನೆಗೆಲಸ:
ನಿಮ್ಮ ಮನೆಯ ಸದ್ದು, ನಾಲ್ಕು ನಿಮಿಷ.
ಮಿಕ್ಸಿ, ಕುಕ್ಕರು, ಟೀವಿ, ತಮ್ಮನ ರಂಪ,
ಊರಿನಿಂದ ಬಂದ ಕರೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗುವುದು.
ಸಫ್ವಾನ್‌ನದು ಖಾಲಿ ಬಂತು.
ಸೊನ್ನೆ ಹಾಕಲು ಮನಸ್ಸಾಗದೆ ಗೆರೆ ಎಳೆದೆ.

ರಾತ್ರಿ ಪಾತ್ರೆ ತೊಳೆದು ಒರೆಸಿಟ್ಟ ಮೇಲೆ
ಯಾಕೋ ಇಯರ್‌ಫೋನ್ ಸಿಕ್ಕಿಸಿ ವಾಲ್ಯೂಮ್ ಪೂರ್ತಿ ಏರಿಸಿದೆ.
ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಗುತ್ತದೆ.
ಯಾರದೋ ಉಸಿರು, ಉದ್ದ, ತುದಿಯಲ್ಲಿ ಚೂರು ಸಿಳ್ಳೆ.
ಎಲ್ಲೋ ಮಧ್ಯಾಹ್ನದ ಬಾಂಗು.
ಆಮೇಲೆ, ಫೋನನ್ನೇ ನುಂಗುವಷ್ಟು ಹತ್ತಿರದಿಂದ,
ಪಿಸುಮಾತು:

“ಇದು ನಮ್ಮ ಉಪ್ಪ. ಬಂದರಿನಲ್ಲಿ ಕ್ರೇನ್. ರಾತ್ರಿ ಪಾಳಿ.
ನಮ್ಮದು ಒಂದೇ ರೂಮು.
ಹಗಲು ನಾವು ಹೀಗೇ ಮಾತಾಡುವುದು.
ಚಮಚ ಬಿದ್ದರೆ ಉಮ್ಮ ಕಣ್ಣಲ್ಲೇ ಬೈಯುತ್ತಾರೆ.
ಅದು ರೆಕಾರ್ಡ್ ಆಗುವುದಿಲ್ಲ.”

ಎರಡು ವರ್ಷದಿಂದ ನಾನು
“ಜೋರಾಗಿ ಹೇಳೋ” ಎಂದು ಗದರಿದ ಹುಡುಗ.

ಶುಕ್ರವಾರ ಹಾಕಿ ಕೇಳಿಸಿದೆ.
ಹೇಳುವ ಮೊದಲೇ ಯಾರೋ ಎದ್ದು ಎ.ಸಿ. ಆರಿಸಿದರು.
ಹನ್ನೊಂದು ತಲೆ ಒಂದು ಫೋನಿನ ಸುತ್ತ,
ಬಾವಿ ಇಣುಕುವವರ ಹಾಗೆ.
ಉಸಿರಿನ ಸಿಳ್ಳೆಗೆ ಯಾರೂ ನಗಲಿಲ್ಲ.
ಮುಗಿಯಿತು.
ಒಂದೂವರೆ ಸೆಕೆಂಡು ದಾಟಿತು.
ತುಟಿ ಕಚ್ಚಿ ಕುಳಿತೆ.
ಹತ್ತು. ಇಪ್ಪತ್ತು. ಹಣೆಯ ಬೆವರು ಹುಬ್ಬಿಗೆ ಬಂತು.
ಮೇಜಿನ ಮೇಲೆ ಅಂಕಪಟ್ಟಿ:
‘ಸ್ಪಷ್ಟ ಧ್ವನಿ, ಐದಕ್ಕೆ’. ಅದರ ಮುಂದೆ ನನ್ನ ಗೆರೆ.

ಕೊನೆಗೆ ಪೂಂಜ, ಎಂದೂ ಮೆತ್ತಗೆ ಮಾತಾಡದವನು,
ಪಿಸುಗುಟ್ಟಿದ:
“ಕ್ರೇನ್ ಎಷ್ಟು ಎತ್ತರ?”

ಸಫ್ವಾನ್, ಅಷ್ಟೇ ಮೆಲ್ಲಗೆ:
“ಗೊತ್ತಿಲ್ಲ.
ಉಪ್ಪ ಎದ್ದ ಮೇಲೆ ಕೇಳುತ್ತೇನೆ.”